ಪಡುವಣ ಮೂಲೆಯ ಮುಳ್ಳು

ನನ್ನ ಗಂಡನ ಹನ್ನೊಂದರ ಕಾರ್ಯ ಮುಗಿದ ಮರುವಾರವೇ ನಾನು ಕೆಲಸಕ್ಕೆ ಹೋದೆ. ಇಷ್ಟು ಬೇಗ ಹೋಗಬಾರದಿತ್ತು ಅಂತ ಊರೆಲ್ಲ ಅಂದರು. ಹೋಗದೆ ಕೂತು ಏನು ಮಾಡಲಿ? ಭೀಮನಬೀಡಿನ ನಮ್ಮ ಮನೆಯ ಜಗಲಿಗೆ ದಿನಾ ಒಬ್ಬೊಬ್ಬರು ಬರುವುದು, ನನ್ನ ಮುಖ ನೋಡುವುದು, ಕಣ್ಣಲ್ಲಿ ನೀರಿಲ್ಲದ್ದು ಕಂಡು ಪಕ್ಕದವಳ ಕಿವಿಗೆ ಬಾಯಿ ಇಡುವುದು. "ಅತ್ಬುಡು ಕಣಮ್ಮಿ, ಒಳಗೇ ಮಡಿಕ್ಕಂಡ್ರೆ ಎದೆ ಒಡ್ದೋಯ್ತದೆ" ಅಂತ ಒಬ್ಬಳು ನನ್ನ ಬೆನ್ನು ತಟ್ಟಿದ್ದೇ ತಟ್ಟಿದ್ದು. ಒಳಗೆ ಏನಾದರೂ ಇದ್ದರೆ ತಾನೇ ತಾಯಿ, ಹೊರಗೆ ಬರುವುದು? ನನಗೆ ಅಳು ಬರುತ್ತಿರಲಿಲ್ಲ. ಹಸಿವೂ ಆಗುತ್ತಿರಲಿಲ್ಲ. ನಿದ್ದೆ ಮಾತ್ರ ಚೆನ್ನಾಗಿ ಬರುತ್ತಿತ್ತು. ಅದನ್ನು ಹೇಳಿದ್ದರೆ ಇನ್ನಷ್ಟು ಆಡಿಕೊಳ್ಳುತ್ತಿದ್ದರು, ಹೇಳಲಿಲ್ಲ.

ಕೆಲಸ ಇದ್ದದ್ದು ಚಾಮರಾಜನಗರದಲ್ಲಿ, ಬಾಡಿಗೆ ಕಟ್ಟಡವೊಂದರ ಮಹಡಿಯ ಮೇಲೆ. ಗುಂಡ್ಲುಪೇಟೆಗೆ ಬಂದು ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಬೇಕು. ಗುಂಡ್ಲು ಹೊಳೆಯ ಜಲಾನಯನ ಪ್ರದೇಶದಲ್ಲಿ ನೆಲದ ಬಳಕೆ ಹೇಗೆ ಬದಲಾಗಿದೆ ಎಂದು ಉಪಗ್ರಹದ ಚಿತ್ರ ಇಟ್ಟುಕೊಂಡು ನೋಡುವ ಒಂದು ಯೋಜನೆ ಅದು. ಜಲಾನಯನ ಅಂದರೆ ಬಹಳ ದೊಡ್ಡ ವಿಷಯವಲ್ಲ. ಎಷ್ಟು ನೆಲದ ಮೇಲೆ ಬಿದ್ದ ಮಳೆ ಕೊನೆಗೆ ಒಂದೇ ಹೊಳೆಗೆ ಇಳಿಯುತ್ತದೋ ಅಷ್ಟೂ ಆ ಹೊಳೆಯ ಜಲಾನಯನ. ನಮ್ಮದು ಗೋಪಾಲಸ್ವಾಮಿ ಬೆಟ್ಟದ ಬುಡದಲ್ಲಿ ಶುರುವಾಗಿ ಹಂಗಳದ ಕಡೆಯ ಹೊಲಗಳನ್ನೆಲ್ಲ ಒಳಗೆ ಹಾಕಿಕೊಂಡು ಕೆಳಕ್ಕೆ ಹೋಗುತ್ತದೆ. ಹೊಳೆ ಅನ್ನುವುದು ಹೆಸರಿಗೆ. ಮಳೆ ಜೋರಾದಾಗ ನಾಲ್ಕು ದಿನ ಹೊಳೆ, ಮಿಕ್ಕಂತೆ ಮರಳು, ಜೊಂಡು, ದನ ಮೇಯುವ ಜಾಗ.

ಹಳೆಯ ಚಿತ್ರ ಒಂದು, ಹೊಸ ಚಿತ್ರ ಒಂದು. ಎರಡನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಿ ಎಲ್ಲಿ ಕಾಡು ಹೋಗಿ ಹೊಲವಾಗಿದೆ, ಎಲ್ಲಿ ರಾಗಿ ಹೋಗಿ ಬಾಳೆ ಬಂದಿದೆ, ಯಾವ ಕೆರೆಯೊಳಗೆ ಜಾಲಿ ಬೆಳೆದಿದೆ ಎಂದು ಗುರುತು ಹಾಕಬೇಕು. ಆ ಚಿತ್ರದಲ್ಲಿ ಹಸಿರು ಹಸಿರಾಗಿ ಕಾಣುವುದಿಲ್ಲ, ಕೆಂಪಾಗಿ ಕಾಣುತ್ತದೆ. ಜೀವ ಇರುವ ಎಲೆ ಎಷ್ಟು ದಟ್ಟವಾಗಿದ್ದರೆ ಅಷ್ಟು ಕೆಂಪು. ಬರೀ ಮಣ್ಣು ಬೂದು ನೀಲಿ. ಮೊದಮೊದಲು ನನಗೆ ಬಂಡೀಪುರದ ಕಾಡು ಗಾಯದ ಹಾಗೆ ಕಾಣುತ್ತಿತ್ತು, ಆಮೇಲೆ ಅಭ್ಯಾಸವಾಯಿತು. ಚಿತ್ರ ಸಣ್ಣ ಸಣ್ಣ ಚೌಕಗಳಿಂದ ಮಾಡಿದ್ದು. ಒಂದೊಂದು ಚೌಕ ನೆಲದ ಮೇಲೆ ಒಂದು ಒಕ್ಕಣೆ ಕಣದಷ್ಟು ಅಗಲ. ಅದಕ್ಕಿಂತ ಚಿಕ್ಕದು ಯಾವುದೂ ಅದರಲ್ಲಿ ಕಾಣುವುದಿಲ್ಲ.

ಚಿತ್ರ ನೋಡಿ ಹೇಳಿದ್ದು ಸರಿಯೋ ತಪ್ಪೋ ಎಂದು ಹೊಲಕ್ಕೇ ಹೋಗಿ ನೋಡಬೇಕಿತ್ತು. ಆಫೀಸಿನ ಜೀಪು ಯಾವತ್ತೂ ಸಾಹೇಬರ ಕೆಲಸದ ಮೇಲೇ ಇರುತ್ತಿತ್ತು. ನನ್ನ ಗಂಡನೇ ಬೈಕಿನಲ್ಲಿ ಕರೆದುಕೊಂಡು ಹೋಗುತ್ತಿದ್ದ. ಅವನು ಬೇಸಾಯ ಮಾಡಿಕೊಂಡಿದ್ದವನು. ಅರಿಶಿಣ, ಸಾಂಬಾರ್ ಈರುಳ್ಳಿ, ಒಂದಿಷ್ಟು ರಾಗಿ. ಹೊಲದಲ್ಲಿ ಕೆಲಸ ಇಲ್ಲದ ದಿನ ನನ್ನ ಹಿಂದೆ ಸುತ್ತುವುದು ಅವನಿಗೆ ಜಾತ್ರೆಗೆ ಹೋದಷ್ಟು ಸಂತೋಷ. "ಸರ್ಕಾರ ನಿಂಗೆ ಸಂಬ್ಳ ಕೊಟ್ಟು ಊರೂರು ತಿರುಗ್ಸ್ತದೆ, ಪೆಟ್ರೋಲ್ ಹಾಕೋ ಬಡಪಾಯಿ ನಾನು" ಅಂತ ದಾರಿಯುದ್ದಕ್ಕೂ ಗೊಣಗುವುದು, ಮುಂದಿನ ವಾರ ಎಲ್ಲಿಗೆ ಅಂತ ತಾನೇ ಕೇಳುವುದು.

ಜಾಗದ ಗುರುತು ಹಿಡಿಯಲು ಒಂದು ಯಂತ್ರ ಕೊಟ್ಟಿದ್ದರು, ಅಂಗೈಗಿಂತ ಸ್ವಲ್ಪ ದೊಡ್ಡದು. ಬಯಲಲ್ಲಿ ಹಿಡಿದು ನಿಂತರೆ ನಾವು ನಿಂತ ಜಾಗವನ್ನು ಲೆಕ್ಕ ಹಾಕಿ ಇಟ್ಟುಕೊಳ್ಳುತ್ತಿತ್ತು. ಮತ್ತೆ ಯಾವಾಗಲಾದರೂ ಅದೇ ಜಾಗಕ್ಕೆ ಹೋಗಬೇಕೆಂದರೆ ಬಾಣದ ಗುರುತು ತೋರಿಸಿ ಕರೆದುಕೊಂಡು ಹೋಗುತ್ತಿತ್ತು. ಮರದ ಕೆಳಗೆ ಮಾತ್ರ ಮುನಿಸಿಕೊಳ್ಳುತ್ತಿತ್ತು. ಸಿಗ್ನಲ್ ಬರುವುದು ತಡವಾದರೆ ನನ್ನ ಗಂಡ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ತಲೆಯ ಮೇಲೆ ಎತ್ತಿ ಹಿಡಿಯುತ್ತಿದ್ದ. ಉಪಗ್ರಹ ಇರುವುದು ಎಷ್ಟೋ ಮೇಲೆ, ನೀನು ಒಂದು ಮೊಳ ಎತ್ತಿದರೆ ಅದಕ್ಕೇನು ಹತ್ತಿರವಾಗುತ್ತದಾ ಅಂದರೆ ಕೇಳಬೇಕಲ್ಲ. ಎತ್ತಿ ಹಿಡಿದುಕೊಂಡೇ "ಸಿಕ್ತಾ? ಸಿಕ್ತಾ?" ಅಂತ ನನ್ನನ್ನು ಕೇಳುತ್ತಿದ್ದ. ಪರದೆ ಅವನ ತಲೆಯ ಮೇಲಿದ್ದರೆ ನನಗೆ ಹೇಗೆ ಗೊತ್ತಾಗಬೇಕು!

ಅರಿಶಿಣದ ಮಾದರಿ ಹೊಲ ಒಂದು ಬೇಕು ಎಂದು ಸಾಹೇಬರು ಕೇಳಿದಾಗ ಅವನು ತನ್ನ ಹೊಲವನ್ನೇ ಸೇರಿಸು ಅಂದ. "ನಮ್ಮೊಲನೂ ಒಂದಪ ಮೇಲಿಂದ ನೋಡ್ಲಿ ಬುಡು, ಏನ್ ದೃಷ್ಟಿ ಆಗ್ಬುಡ್ತದಾ?" ಹೊಲದ ಪಡುವಣ ಮೂಲೆಯ ಬದುವಿನಲ್ಲಿ ಒಂದು ಹೊಂಗೆ ಮರವಿತ್ತು. ಅವನು ಊಟ ಮಾಡುವುದು, ಬುತ್ತಿ ಬಿಚ್ಚಿ ಕಾಲು ಚಾಚುವುದು ಎಲ್ಲ ಅದರ ಕೆಳಗೇ. ಅಲ್ಲೇ ನಿಂತು ಯಂತ್ರ ಎತ್ತಿದ. ಬರಲಿಲ್ಲ. ನೆರಳಿನಿಂದ ಈಚೆಗೆ ಬಾ ಅಂದೆ. ಸ್ವಲ್ಪ ಈಚೆಗೆ ಬಂದು, ಅರಿಶಿಣದ ಸಾಲಿನ ನಡುವೆ ನನ್ನ ಕಡೆ ತಿರುಗಿ ನಿಂತು ಮತ್ತೆ ಎತ್ತಿದ. ಸಿಕ್ಕಿತು. ಅದು ಬೇರೆ ಎಷ್ಟೋ ಗುರುತುಗಳ ಜೊತೆ ಒಂದು ಗುರುತಾಗಿ ಕಂಪ್ಯೂಟರಿಗೆ ಹೋಯಿತು. ನಾನು ಮರೆತೆ.

ಮುಂದಿನ ವರ್ಷ ಆಷಾಢದಲ್ಲಿ ಜ್ವರ ಅಂತ ಮಲಗಿದ. ಎರಡು ದಿನ ಕಷಾಯ, ಆಮೇಲೆ ಗುಂಡ್ಲುಪೇಟೆ, ಆಮೇಲೆ ಮೈಸೂರು. ಜ್ವರ ತಲೆಗೇರಿದೆ ಅಂದರು. ವಾರ ಕಳೆಯುವುದರೊಳಗೆ ಹೆಣ ತಂದೆವು. ಹೊಲದಲ್ಲಿ ಅವನು ನೆಟ್ಟ ಅರಿಶಿಣ ಆಗಷ್ಟೇ ಎಲೆ ಬಿಟ್ಟಿತ್ತು.

ನಮ್ಮ ಮನೆತನದಲ್ಲಿ ಸುಡುವುದಿಲ್ಲ, ಸ್ವಂತ ಹೊಲದಲ್ಲೇ ಹೂಳುತ್ತೇವೆ. ಹೊಂಗೆ ಮರದ ಪಕ್ಕದಲ್ಲಿ, ಅವನು ಕಾಲು ಚಾಚುತ್ತಿದ್ದ ಜಾಗದಲ್ಲೇ ಗುಂಡಿ ತೋಡಿದರು. ಮಣ್ಣೆಳೆದ ಮೇಲೆ ನಾಯಿ ನರಿ ಕೆದಕದಿರಲಿ ಎಂದು ಜಾಲಿ ಮುಳ್ಳಿನ ಕೊಂಬೆ ಕಡಿದು ಮೇಲೆ ಹರಡಿ ತುಳಿದರು. ವರ್ಷ ತುಂಬುವವರೆಗೆ ಕಲ್ಲು ನೆಡುವ ಹಾಗಿಲ್ಲ, ಅದು ನಮ್ಮತ್ತೆಯ ಮನೆಯ ಕಟ್ಟು. ವರ್ಷದ ದಿನ ಎಡೆ ಇಟ್ಟು, ಹಾಲು ತುಪ್ಪ ಬಿಟ್ಟು, ಆಮೇಲೆ ಕಲ್ಲು. ಅಲ್ಲಿಯವರೆಗೆ ಆ ಮುಳ್ಳೇ ಗುರುತು. ಎಲ್ಲರಿಗೂ ಗೊತ್ತಿರುವ ಸಂಗತಿ ಅದು, ಹೊಲದ ಮೂಲೆಯಲ್ಲಿ ಮುಳ್ಳು ಹರಡಿದೆ ಅಂದರೆ ಯಾರೂ ಕಾಲಿಡುವುದಿಲ್ಲ. ನಮ್ಮೂರಲ್ಲಿ ಅದನ್ನು ಯಾರಿಗಾದರೂ ಬಿಡಿಸಿ ಹೇಳಬೇಕಾದೀತು ಅಂತ ಯಾರಿಗೂ ಹೊಳೆಯುವುದಿಲ್ಲ.

ಕೆಲಸಕ್ಕೆ ಹೋದೆ ಅಂದೆನಲ್ಲ. ಹೋಗಿ ಕೂತೆ, ಕೆಂಪು ನೋಡಿದೆ, ಬೂದು ನೋಡಿದೆ, ಸಂಜೆ ಬಸ್ಸು ಹತ್ತಿದೆ. ಹಳೆಯ ಚಿತ್ರದಲ್ಲಿ ಬೂದಾಗಿದ್ದ ಹೊಲ ಹೊಸ ಚಿತ್ರದಲ್ಲಿ ಕೆಂಪಾಗಿದ್ದರೆ ಬೋರ್ವೆಲ್ ಬಂದಿದೆ ಅಂತ ಅರ್ಥ. ಕೆಂಪಾಗಿದ್ದ ಬೆಟ್ಟದ ಬುಡ ಮಾಸಲಾಗಿದ್ದರೆ ಮರ ಹೋಗಿ ಲಂಟಾನದ ಪೊದೆ ನಿಂತಿದೆ. ಕೆಲಸ ಚೆನ್ನಾಗಿಯೇ ಮಾಡಿದೆ. ಸಾಹೇಬರು, ಪಾಪ, ನನ್ನೆದುರು ದನಿ ತಗ್ಗಿಸಿ ಮಾತಾಡುತ್ತಿದ್ದರು, ರಜೆ ಬೇಕಾ ಅಂತ ಕೇಳುತ್ತಿದ್ದರು. ರಜೆ ತಗೊಂಡು ಎಲ್ಲಿಗೆ ಹೋಗಲಿ ಸಾರ್ ಅಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಆಮೇಲೆ ಕೇಳುವುದನ್ನು ಬಿಟ್ಟರು.

ಆ ಚಳಿಗಾಲದ ಚಿತ್ರ ಬಂತು. ಮಳೆಗಾಲದ್ದು ಮೋಡ ಮುಚ್ಚಿಕೊಂಡು ಕೆಲಸಕ್ಕೆ ಬರುವುದಿಲ್ಲ, ಮೋಡ ಹೋದ ಮೇಲೆ ತೆಗೆದದ್ದೇ ಬೇಕು. ತೆರೆದು ಭೀಮನಬೀಡಿನ ಕಡೆ ಸರಿಸಿದೆ. ನಮ್ಮ ಹೊಲ ಇರುವ ಜಾಗದಲ್ಲಿ ಕೆಲವು ಚೌಕಗಳು ಮಾಸಲು ಕೆಂಪಾಗಿದ್ದವು. ಅವನು ನೆಟ್ಟ ಅರಿಶಿಣ. ನೆಟ್ಟವನು ಹೋಗಿ ತಿಂಗಳುಗಳಾಗಿದ್ದವು, ಬೆಳೆ ಇನ್ನೂ ಎಲೆ ಹಿಡಿದುಕೊಂಡು ನಿಂತಿತ್ತು. ಬಹಳ ಹೊತ್ತು ನೋಡಿದೆ. ಏನಾದರೂ ಆಗುತ್ತದೇನೋ ಅಂತ ಕಾದೆ. ಪಕ್ಕದ ಮೇಜಿನ ಹುಡುಗಿ ಕಾಫಿ ತಂದಿಟ್ಟಳು, ಕುಡಿದೆ, ಮುಂದಿನ ಹೊಲಕ್ಕೆ ಹೋದೆ. ನನ್ನ ಮೇಲೆ ನನಗೇ ಸಿಟ್ಟು ಬರಬೇಕಿತ್ತು, ಅದೂ ಬರಲಿಲ್ಲ.

ಅರಿಶಿಣ ಕಿತ್ತ ಮೇಲೆ ಹೊಲ ನೋಡುವವರು ಯಾರು ಅನ್ನುವ ಮಾತು ಬಂತು. ನನ್ನ ಬಾವ, ಅಂದರೆ ನನ್ನ ಗಂಡನ ಅಣ್ಣ, ಗುಂಡ್ಲುಪೇಟೆಯಲ್ಲಿ ಬಸ್ಸು ರಿಪೇರಿ ಮಾಡುವ ಕೆಲಸದಲ್ಲಿದ್ದರು. ಬಹಳ ಒಳ್ಳೆಯ ಮನುಷ್ಯ, ಬೇಸಾಯ ಮಾತ್ರ ಅವರ ಕೈಲಾಗದು. ವಯನಾಡಿನ ಕಡೆಯವರು ಶುಂಠಿ ಬೆಳೆಯಲು ಗುತ್ತಿಗೆಗೆ ಹೊಲ ಹುಡುಕುತ್ತಿದ್ದ ಕಾಲ ಅದು. ಯುಗಾದಿ ಹೊತ್ತಿಗೆ ಕೊಟ್ಟರು. ನನ್ನನ್ನೂ ಕೇಳಿದರು. ಕೊಡಿ ಅಂದೆ. ಅತ್ತೆ ಒಂದೇ ಮಾತು ಅಂದರು: "ನನ್ ಹೈದ ಮನಗಿರೋ ಕಡೆ ಮಾತ್ರ ಮುಟ್ಬ್ಯಾಡಿ ಅಂತ ಹೇಳ್ಬುಡಪ್ಪ."

ಬಾವ ಹೇಳಿದರು. ಮರೆಯಲಿಲ್ಲ. ಶುಂಠಿಯವರ ಮೇಸ್ತ್ರಿಯನ್ನು ಹೊಲದ ದಾರಿಯಲ್ಲಿ ನಿಲ್ಲಿಸಿಕೊಂಡು, "ನೋಡಿ, ಮುಳ್ಳಿರೋ ಕಡೆ ಟ್ರಾಕ್ಟ್ರು ಬುಡ್ಬ್ಯಾಡಿ, ಅದೊಂದು ಬುಟ್ಬುಡಿ" ಅಂತ ಹೇಳಿದರಂತೆ. ಮೇಸ್ತ್ರಿ ತಲೆ ಆಡಿಸಿದನಂತೆ. ಗೋರಿ ಇದೆ ಅನ್ನುವ ಮಾತು ಬಾವನ ಬಾಯಲ್ಲಿ ಬರಲಿಲ್ಲ. ತಮ್ಮನ ಹೆಣದ ಮಾತನ್ನು ಪರಸ್ಥಳದವನ ಹತ್ತಿರ ಯಾರಾದರೂ ಆಡುತ್ತಾರಾ? ಮುಳ್ಳು ಅಂದರೆ ಸಾಕು, ಅಂದುಕೊಂಡರು. ನಮ್ಮೂರಲ್ಲಿ ಸಾಕಾಗುತ್ತಿತ್ತು ಕೂಡ.

ವರ್ಷದ ದಿನಕ್ಕೆ ಕೆಲವೇ ವಾರ ಇದ್ದಾಗ, ಒಂದು ಭಾನುವಾರ, ಕಲ್ಲು ನೆಡುವ ಜಾಗ ನೋಡಿಕೊಂಡು ಬರೋಣ ಎಂದು ಅತ್ತೆಯೂ ನಾನೂ ಹೋದೆವು. ಹೊಲದ ಗುರುತೇ ಸಿಗಲಿಲ್ಲ. ನಡುವಿನ ಬದುಗಳನ್ನೆಲ್ಲ ತೆಗೆದು ಪಕ್ಕದವರ ಹೊಲವನ್ನೂ ಸೇರಿಸಿ ಒಂದೇ ಬಯಲು ಮಾಡಿದ್ದರು. ಅದರ ತುಂಬ ಮಣ್ಣೇರಿಸಿ ಉದ್ದುದ್ದ ಏರಿ ಕಟ್ಟಿ ಹುಲ್ಲು ಮುಚ್ಚಿದ್ದರು, ಹುಲ್ಲಿನ ನಡುವೆ ಶುಂಠಿ ಮೊಳಕೆ ತಲೆ ಎತ್ತಿತ್ತು. ಹೊಂಗೆ ಮರ ಇರಲಿಲ್ಲ. ಬೆಳೆಗೆ ನೆರಳಾಗುತ್ತದೆ ಅಂತ ಬುಡಸಮೇತ ಎತ್ತಿದ್ದರು. ದೂರದಲ್ಲಿ ಒಂದು ಕಡೆ ಮಾತ್ರ ಉಳದೆ ಬಿಟ್ಟ ಜಾಗ ಕಾಣಿಸಿತು, ಅದರ ಮೇಲೆ ಮುಳ್ಳು. ಅತ್ತೆ ನಿಟ್ಟುಸಿರು ಬಿಟ್ಟು, "ನೋಡು, ಬುಟ್ಟವ್ರೆ. ಒಳ್ಳೆ ಜನ ಕಣವ್ವ" ಅಂದರು.

ಹತ್ತಿರ ಹೋದೆವು. ಚೆಂದವಾಗಿ ಚೌಕಾಕಾರ ಬಿಟ್ಟಿದ್ದರು, ಸುತ್ತ ಟ್ರಾಕ್ಟರ್ ಒಂದು ಗೇಣೂ ಒಳಗೆ ಬಂದಿರಲಿಲ್ಲ. ಅತ್ತೆ ನಿಂತರು. ಸುತ್ತ ನೋಡಿದರು. ಬೆಟ್ಟ ಯಾವ ಕಡೆ ಇದೆ ನೋಡಿದರು, ಸೂರ್ಯ ಯಾವ ಕಡೆ ಇದೆ ನೋಡಿದರು. ಆಮೇಲೆ ಬಹಳ ಮೆಲ್ಲಗೆ, "ಇದು ಮೂಡಗಡೆ ಮೂಲೆ ಕಣವ್ವ. ನನ್ ಹೈದ ಇರೋದು ಪಡುಗಡೆ" ಅಂದರು.

ಆಗಿದ್ದು ಇಷ್ಟೇ. ಟ್ರಾಕ್ಟರ್ ಬರುವ ಮೊದಲು ಕೂಲಿಯವರು ಹೊಲ ಹಸನು ಮಾಡಿದ್ದರು. ಬೇಲಿಯ ಮುಳ್ಳು, ಬದುವಿನ ಮುಳ್ಳು, ಪಡುವಣ ಮೂಲೆಯ ಮುಳ್ಳು, ಎಲ್ಲ ಎಳೆದು ತಂದು ಮೂಡಣ ಮೂಲೆಯಲ್ಲಿ ರಾಶಿ ಹಾಕಿದ್ದರು. ಮಾರನೆಯ ದಿನ ಬಂದ ಡ್ರೈವರಿಗೆ ಮೇಸ್ತ್ರಿ, ಮುಳ್ಳಿರುವ ಕಡೆ ಬಿಟ್ಟುಬಿಡು ಅಂದ. ಡ್ರೈವರು ಹೇಳಿದ ಹಾಗೇ ಮಾಡಿದ. ಮುಳ್ಳಿನ ರಾಶಿ ಬಿಟ್ಟು ಮಿಕ್ಕಿದ್ದನ್ನೆಲ್ಲ ಉತ್ತ.

ಮೇಸ್ತ್ರಿ ಓಡಿ ಬಂದ. ಮಲಯಾಳ ಕಲಸಿದ ಕನ್ನಡದಲ್ಲಿ, "ಬಿಟ್ಟಿದೀವಿ ಅಲ್ಲಾ ಚೇಚಿ, ಮುಳ್ಳು ಬಿಟ್ಟಿದೀವಿ, ನೋಡಿ" ಅಂತ ಹೆಮ್ಮೆಯಿಂದಲೇ ತೋರಿಸಿದ. ನಾನು ಹೇಳಿದೆ, ಮುಳ್ಳಿನ ಕೆಳಗೆ ನನ್ನ ಗಂಡ ಇದ್ದ ಅಂತ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ "ದೈವಮೇ" ಅಂತ ತಲೆ ಮೇಲೆ ಕೈ ಹೊತ್ತು ಏರಿಯ ಮೇಲೇ ಕುಕ್ಕರಿಸಿದ. ಅವನ ಮುಖ ನೋಡಿ ನನಗೆ ಅಯ್ಯೋ ಅನ್ನಿಸಬೇಕಿತ್ತು. ಏಳಪ್ಪ, ಶುಂಠಿ ತುಳೀತಿದ್ದೀಯ ಅಂದೆ.

ಅತ್ತೆ ಅವತ್ತಿನಿಂದ ಸರಿಯಾಗಿ ಊಟ ಮಾಡಲಿಲ್ಲ. ವರ್ಷದ ಎಡೆ ಇಡಬೇಕು, ಹಾಲು ತುಪ್ಪ ಬಿಡಬೇಕು, ಎಲ್ಲಿ? ಜಾಗ ತಪ್ಪಿ ಇಟ್ಟರೆ ಅದು ಅವನಿಗೆ ಮುಟ್ಟುವುದಿಲ್ಲ, ವರ್ಷದ ಹೊತ್ತಿಗೆ ಹಸಿದವನು ಹಸಿದೇ ಇರುತ್ತಾನೆ ಅನ್ನುವುದು ಅವರ ನಂಬಿಕೆ. ಬಾವ ಗುಂಡಿ ತೋಡಿದವರನ್ನೆಲ್ಲ ಕರೆದುಕೊಂಡು ಹೋದರು. ಒಬ್ಬ ಇಲ್ಲಿ ಅಂದ, ಇನ್ನೊಬ್ಬ "ಅಲ್ಲ ಕಣ್ಲಾ, ಮರದಿಂದ ಈಚ್ಗಡೆ" ಅಂದ. ಮರವೇ ಇಲ್ಲದ ಮೇಲೆ ಈಚೆ ಯಾವುದು, ಆಚೆ ಯಾವುದು? ಆಚೆಗೊಂದು ಈಚೆಗೊಂದು ಜಾಗ ತೋರಿಸಿ ಒಬ್ಬರಿಗೊಬ್ಬರು ಜಗಳಕ್ಕೇ ನಿಂತರು. ಅಗೆದು ನೋಡೋಣ ಅನ್ನುವ ಮಾತು ಯಾರ ಬಾಯಲ್ಲೂ ಬರಲಿಲ್ಲ, ಬರುವಂಥದ್ದೂ ಅಲ್ಲ. ಬಾವ ಏರಿಯ ಮೇಲೆ ನಿಂತು ಮಕ್ಕಳ ಹಾಗೆ ಅತ್ತರು. "ಗೋರಿ ಅಂತ ಒಂದ್ಮಾತು ಅಂದಿದ್ರೆ ಆಗ್ತಿತ್ತು ಕಣವ್ವ, ನಾಲ್ಗೆ ಏಳ್ನಿಲ್ಲ" ಅಂದರು. ನಾನು ಅವರಿಗೆ ನೀರಿನ ಬಾಟಲು ಕೊಟ್ಟೆ. ಎಲ್ಲರೂ ಅಳುತ್ತಾರೆ, ನಾನು ನೀರು ಕೊಡುತ್ತೇನೆ. ಆ ವರ್ಷವೆಲ್ಲ ನನ್ನ ಕೆಲಸ ಅದೇ ಆಗಿತ್ತು.

ಒಂದು ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಅತ್ತೆ ಬಾಗಿಲಲ್ಲಿ ತಡೆದರು. "ನಿಮ್ಮಾಪೀಸ್ನಲ್ಲಿ ಆಕಾಸದಿಂದ ತೆಗ್ದಿರೋ ಪಟ ಅದಲ್ಲ. ಅದ್ರಲ್ಲಿ ನೋಡವ್ವ."

ಅದರಲ್ಲಿ ಕಾಣುವುದಿಲ್ಲ ಅತ್ತೆ, ಅಂದೆ. ನಂಬಲಿಲ್ಲ. ಸರಿ, ಸಾಹೇಬರನ್ನು ಕೇಳಿ ನಮ್ಮ ಊರಿನ ಸುತ್ತಿನ ಚಿತ್ರ ಒಂದನ್ನು ಪ್ರಿಂಟ್ ತೆಗೆಸಿ ತಂದೆ. ಜಗಲಿಯ ಮೇಲೆ ಹಾಸಿದೆ. ಇದು ಗೋಪಾಲಸ್ವಾಮಿ ಬೆಟ್ಟ, ಇದು ಹೊಳೆ, ಇದು ಊರಿನ ಕೆರೆ. ಅತ್ತೆ ಒಂದೊಂದನ್ನೂ ಬೆರಳಿಂದ ಮುಟ್ಟಿ ನೋಡಿದರು. ಇದು ನಮ್ಮ ಹೊಲ ಅಂತ ಒಂದಿಷ್ಟು ಚೌಕ ತೋರಿಸಿದೆ. ಒಂದೊಂದು ಚೌಕವೂ ಒಂದು ಕಣದಷ್ಟು ಅಗಲ, ಅದರೊಳಗೆ ಮನುಷ್ಯ ಮಲಗಿದಷ್ಟು ಜಾಗ ಬೇರೆಯಾಗಿ ಕಾಣುವುದಿಲ್ಲ ಅಂತ ಬಿಡಿಸಿ ಹೇಳಿದೆ.

ಅತ್ತೆ ಚಿತ್ರವನ್ನು ಬಿಟ್ಟು ನನ್ನನ್ನು ನೋಡಿದರು. "ಬೆಟ್ಟ ಕಾಣ್ತದೆ, ಕೆರೆ ಕಾಣ್ತದೆ, ನನ್ ಮಗ ಕಾಣಲ್ವಾ? ಇನ್ಯಾತಕ್ಕವ್ವ ನೀನು ದಿನಾ ಅಲ್ಗಂಟ ಓಗಿ ಬತ್ತೀಯೆ?"

ಚಿತ್ರ ಸುತ್ತಿ ಅಟ್ಟದ ಮೇಲೆ ಇಟ್ಟೆ.

ಬಸ್ಸಿನಲ್ಲಿ ಕೂತಾಗ ಆ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ತೆರಕಣಾಂಬಿ ದಾಟಿದ ಮೇಲೆ ಇದ್ದಕ್ಕಿದ್ದ ಹಾಗೆ ನೆನಪಾಯಿತು. ಅರಿಶಿಣದ ಮಾದರಿ ಹೊಲ. ಹೊಂಗೆ ಮರದ ನೆರಳಿನಿಂದ ಈಚೆಗೆ ಬಂದು ಅವನು ಯಂತ್ರ ಎತ್ತಿ ನಿಂತದ್ದು. ಆಫೀಸಿಗೆ ಹೋದವಳೇ ಚಪ್ಪಲಿ ಕೂಡ ಬಿಡದೆ ಕಂಪ್ಯೂಟರ್ ಹಾಕಿ ಹುಡುಕಿದೆ. ಇತ್ತು. ಎಲ್ಲ ಗುರುತುಗಳ ನಡುವೆ ಅದೂ ಇತ್ತು. ಅದು ಗೋರಿಯ ಜಾಗವಲ್ಲ, ಗೋರಿಯ ಹತ್ತಿರದ ಜಾಗ. ಅದೂ ಆ ಯಂತ್ರ ಹೇಳಿದ್ದು ನಾಲ್ಕು ಮಾರು ಆಚೀಚೆ ಇರಬಹುದು, ಹಾಗಾಗಿ ಯಾರಿಗೂ ಖಂಡಿತ ಅಂತ ಹೇಳುವ ಹಾಗಿಲ್ಲ. ಆದರೆ ಆ ಬಯಲಿನಲ್ಲಿ ಅವನ ಬಗ್ಗೆ ಉಳಿದಿದ್ದ ಗುರುತು ಅದೊಂದೇ.

ಸಾಹೇಬರ ಹತ್ತಿರ ಯಂತ್ರ ಕೇಳಿದೆ, ಯಾಕೆ ಅಂತಲೂ ಹೇಳಿದೆ. ಅವರು ಬೀರು ತೆಗೆದು ಕೊಟ್ಟು, ಹೊಸ ಬ್ಯಾಟರಿ ಹಾಕಿಕೊಳ್ಳಮ್ಮ ಅಂದರು. ಅಷ್ಟೇ ಅಂದರು, ಅದು ನನಗೆ ಹಿಡಿಸಿತು.

ಸಂಜೆ ಅತ್ತೆಗೆ ಹೇಳಿದೆ. ಸುಳ್ಳು ಆಸೆ ಹುಟ್ಟಿಸಬಾರದು ಅಂತ ಒರಟಾಗಿಯೇ ಹೇಳಿದೆ. "ಅವರು ಮಲಗಿರೋ ಜಾಗ ಇದರಲ್ಲಿಲ್ಲ ಅತ್ತೆ. ಬದುಕಿದ್ದಾಗ ಒಂದು ಸಲ ಎಲ್ಲಿ ನಿಂತಿದ್ರು ಅನ್ನೋದು ಮಾತ್ರ ಇದೆ. ಅದೂ ನಾಲ್ಕು ಮಾರು ಆಚೀಚೆ."

ಅತ್ತೆ ಒಲೆಯ ಮುಂದೆ ಕೂತಿದ್ದವರು ಸೌದೆ ಒಳಗೆ ತಳ್ಳಿದರು. ಆಮೇಲೆ, "ಸತ್ಮೇಲೆ ಎಲ್ಲವ್ನೋ ಗೊತ್ತಿಲ್ಲ. ಬದ್ಕಿದ್ದಾಗ ನಿಂತಿದ್ದ ತಾವು ಗೊತ್ತಲ್ಲ. ಅಲ್ಲೇ ಮಡಗನ" ಅಂದರು.

ವರ್ಷದ ದಿನ ಆಷಾಢದ ಗಾಳಿ ಜೋರಾಗಿತ್ತು. ಅತ್ತೆ ಮುದ್ದೆ ಮಾಡಿದ್ದರು, ಉಪ್ಸಾರು, ಕಾರ, ವಡೆ, ಪಾಯಸ. ಮೊರದ ಒಂದು ಬದಿಯಲ್ಲಿ ಬೀಡಿ ಕಟ್ಟೂ ಬೆಂಕಿಪೊಟ್ಟಣವೂ ಇದ್ದವು. ಮದುವೆಯಾದ ಹೊಸದರಲ್ಲಿ ನಾನು ಬೈದು ಬೈದು ಬಿಡಿಸಿದ್ದ ಬೀಡಿ. ಬಾವ ಕಲ್ಲು ಹೊತ್ತುಕೊಂಡು ಬಂದರು. ಮೇಸ್ತ್ರಿ ಮೊದಲೇ ಬಂದು ಹೊಲದ ಅಂಚಿನಲ್ಲಿ ಬರಿಗಾಲಲ್ಲಿ ನಿಂತಿದ್ದ. ಎಷ್ಟು ಬೇಕಾದರೂ ಶುಂಠಿ ಕಿತ್ತು ಹಾಕಿ ಅಂದ.

ಯಂತ್ರ ಹಿಡಿದು ನಾನು ಮುಂದೆ ನಡೆದೆ, ಅತ್ತೆ ಮೊರ ಹಿಡಿದು ಹಿಂದೆ. ಬಾಣ ಒಂದು ಕಡೆ ತಿರುಗಿತು, ತಿರುಗಿದೆ. ಶುಂಠಿ ಮೊಣಕಾಲ ಹತ್ತಿರಕ್ಕೆ ಬಂದಿತ್ತು. ಬೀಸುವ ಗಾಳಿಗೆ ಅಷ್ಟೂ ಎಲೆ ಒಂದೇ ಕಡೆ ಬಾಗುತ್ತಿತ್ತು. ಇನ್ನಿಷ್ಟು ದೂರ, ಇನ್ನಿಷ್ಟು ದೂರ ಅಂತ ಯಂತ್ರ ಹೇಳುತ್ತಾ ಬಂತು. ಮೋಡ ದಟ್ಟವಾಗಿತ್ತು. ಒಂದು ಕಡೆ ಬಂದು ಬಾಣ ಗಿರ್ರನೆ ಸುತ್ತಲಾರಂಭಿಸಿತು. ಹತ್ತಿರ ಬಂದಾಗ ಅದು ಹಾಗೇ ಮಾಡುತ್ತದೆ. ನಾನು ನಿಂತೆ. ಏನು ಯೋಚನೆ ಮಾಡಿದೆನೋ ಗೊತ್ತಿಲ್ಲ, ಯಂತ್ರವನ್ನು ತಲೆಯ ಮೇಲೆ ಎತ್ತಿ ಹಿಡಿದೆ.

"ಸಿಕ್ದ್ನೇನವ್ವ?" ಅಂದರು ಅತ್ತೆ.

ನಾಲ್ಕು ಮಾರು ಆಚೀಚೆ ಅಂತ ಹೇಳಬೇಕಿತ್ತು. ಬಾಯಿ ತೆರೆದೆ. "ಇಲ್ಲೇ ಅತ್ತೆ" ಅಂದೆ.

ಬಾವ ಅಲ್ಲಿನ ಶುಂಠಿ ಕಿತ್ತು ನೆಲ ತಟ್ಟಿದರು. ಅತ್ತೆ ನೀರು ಚಿಮುಕಿಸಿ ಬಾಳೆ ಎಲೆ ಹಾಸಿದರು. ಗಾಳಿಗೆ ಎಲೆ ಏಳುತ್ತಿತ್ತು, ನಾಲ್ಕೂ ಕಡೆ ಮಣ್ಣುಹೆಂಟೆ ಇಟ್ಟರು. ಮುದ್ದೆ ಇಡಲು ಹೋದವರು ಕೈ ತಡೆದು ನನ್ನತ್ತ ತಲೆ ಎತ್ತಿದರು.

"ಅವತ್ತು ಯಾವ್ಕಡೆ ತಿರಿಗ್ಕಂಡು ನಿಂತಿದ್ದ?"

"ನನ್ನ ಕಡೆ ಅತ್ತೆ" ಅಂದೆ.

"ನೀನೆಲ್ಲಿ ನಿಂತಿದ್ದೆ?"

ತೋರಿಸಿದೆ. "ಓಗು, ಅಲ್ಲೇ ನಿಂತ್ಕ" ಅಂದರು. ಹೋಗಿ ನಿಂತೆ. ಅತ್ತೆ ಹೆಂಟೆಗಳನ್ನೆಲ್ಲ ತೆಗೆದು, ಹಾಸಿದ ಎಲೆಯನ್ನು ನಿಧಾನವಾಗಿ, ಉಣ್ಣುವವನ ಮುಖ ನನ್ನ ಕಡೆ ಬರುವ ಹಾಗೆ ತಿರುಗಿಸಿ ಇಟ್ಟರು. ಆಮೇಲೆ ಅದರ ಮೇಲೆ ಮುದ್ದೆ ಇಟ್ಟು, ನನ್ನನ್ನು ತೋರಿಸಿ, ಎಲೆಯ ಆಚೆ ಯಾರೋ ಕೂತಿದ್ದಾರೆ ಅನ್ನುವ ಹಾಗೆ ಹೇಳಿದರು: "ಬಂದವ್ಳೆ ಕಣಪ್ಪ. ಉಣ್ಣು."

ಅಷ್ಟೇ. ಏರಿಯ ಮೇಲೆ ಕೂತು ನಾನು ಎಷ್ಟು ಜೋರಾಗಿ ಅತ್ತುಬಿಟ್ಟೆ ಅಂದರೆ ಹೊಲದ ಅಂಚಿನಲ್ಲಿದ್ದ ಮೇಸ್ತ್ರಿ ಎರಡು ಹೆಜ್ಜೆ ಹಿಂದಕ್ಕೆ ಸರಿದನಂತೆ. ಯಾರೂ ನನ್ನ ಬೆನ್ನು ತಟ್ಟಲಿಲ್ಲ. ಅತ್ತೆ ಸೆರಗು ಅಡ್ಡ ಹಿಡಿದುಕೊಂಡು ಬೀಡಿ ಹಚ್ಚುತ್ತಿದ್ದರು. ಗಾಳಿಗೆ ಕಡ್ಡಿ ಆರಿತು. ಇನ್ನೊಂದು ಗೀರಿದರು.